ಬಂಗಾರದ ರಾಡುಗಳ ಬೇಸಿಗೆ

ಹೋದ ತಿಂಗಳು ಶ್ರೀನಿವಾಸಪುರದ ಮಾವಿನ ಮಂಡಿ ಮಾಲೀಕರೊಬ್ಬರು ಕೋಲಾರದ ನಮ್ಮ ಆಫೀಸಿಗೆ ಬಂದು, ಮೇಜಿನ ಮೇಲೆ ಒಂದು ಪುಟ್ಟ ಡಬ್ಬ ಇಟ್ಟು, ಕಾರಿನ ಕೀಲಿಯಿಂದ ಅದರ ಮುಚ್ಚಳ ಮೀಟಿ ತೆಗೆದರು. ಒಳಗೆ ಬಂಗಾರದ ಬಣ್ಣ. ತಿನ್ನರ್ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಆಫೀಸು ಅಂದೆನಲ್ಲ, ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಜೆರಾಕ್ಸ್ ಅಂಗಡಿಯ ಮೇಲಿನ ಹತ್ತಡಿ ಕೋಣೆ, ಒಂದು ಕಂಪ್ಯೂಟರು, ಅದರ ಮುಂದೆ ನಾನು. ಜನ ಕಟ್ಟಬೇಕೆಂದಿರುವ ಮನೆಗಳ ಮುಖವನ್ನು ಬಣ್ಣದಲ್ಲಿ ಬರೆದುಕೊಡುವುದು ನನ್ನ ಕಸುಬು. ಚಿತ್ರದಲ್ಲಿ ಮನೆಯ ಮುಂದೆ ಒಂದು ವಿದೇಶಿ ಕಾರು, ನಾಯಿ ಹಿಡಿದು ನಡೆಯುವ ಬಿಳಿ ಹೆಂಗಸು ಮತ್ತು ಕೋಲಾರದಲ್ಲಿ ಯಾರೂ ಕಂಡಿರದಷ್ಟು ಹಸಿರು ಹುಲ್ಲು, ಇವೆಲ್ಲ ಉಚಿತ.

“ನೋಡಪ್ಪಾ,” ಅಂದರು ಮಂಡಿಯವರು, “ತಾರಸಿ ಮೇಲೆ ರಾಡು ಬಿಡ್ಬೇಕು. ಎದೆಮಟ್ಟ. ಅದಕ್ಕೆ ಈ ಬಣ್ಣ ಹೊಡೀಬೇಕು. ಲಕ್ಕೂರು ಹತ್ರ ಬೆಂಗಳೂರೋರ್ದು ಒಂದು ಮನೆ ಐತೆ, ಅದೇ ಥರ ಬರ್ಬೇಕು.” ಫೋನು ತೆಗೆದು ಫೋಟೋ ತೋರಿಸಿದರು.

“ಅಂದ್ರೆ ಮೇಲೆ ಇನ್ನೊಂದು ಅಂತಸ್ತು ಹಾಕ್ತೀರಾ ಸಾರ್?”

“ಮೂರು ಹಾಕಿದ್ಮೇಲೆ ಇನ್ನೆಲ್ಲಿಗಪ್ಪಾ? ಅದು ಡಿಸೈನು. ನಿಂಗೆ ಡಿಸೈನು ಅಂದ್ರೆ ಗೊತ್ತಾಗಲ್ವಾ?”

ಗೊತ್ತಾಗುತ್ತದೆ ಸ್ವಾಮಿ. ಆ ಡಿಸೈನು ಹುಟ್ಟುವಾಗ ನಾನು ಪಕ್ಕದಲ್ಲೇ ನಿಂತಿದ್ದೆ, ಕೊಡೆ ಹಿಡಿದುಕೊಂಡು.

ಅದಕ್ಕೀಗ ಐದು ವರ್ಷ. ನನಗಾಗ ಇಪ್ಪತ್ತೊಂದು. ಸಿವಿಲ್ ಡಿಪ್ಲೊಮಾದಲ್ಲಿ ಎರಡು ವಿಷಯ ಉಳಿಸಿಕೊಂಡು ಮುಳಬಾಗಿಲಿನ ಮನೆಯಲ್ಲಿ ಕೂತಿದ್ದೆ. ನಮ್ಮದು ಪೌರೋಹಿತ್ಯದ ಮನೆ. ಅಪ್ಪ ಊರಿನ ಅರ್ಧ ಗೃಹಪ್ರವೇಶಗಳನ್ನು ಮಾಡಿಸಿದವರು. ನಾನು ಅಪ್ಪನ ಸಂಕಲ್ಪವನ್ನು ಅಪ್ಪನ ಮೂಗಿನಲ್ಲೇ ಹೇಳಿ ಅಡುಗೆಮನೆಯ ಹೆಂಗಸರನ್ನು ನಗಿಸಿದವನು. ಯಾರ ದನಿಯಾದರೂ ಎರಡು ಸಲ ಕೇಳಿದರೆ ಸಾಕು, ಮೂರನೇ ಸಲ ಅದು ನನ್ನ ಗಂಟಲಿನಿಂದ ಬರುತ್ತಿತ್ತು. ಕೆ.ಎಸ್.ಆರ್.ಟಿ.ಸಿ. ಕಂಡಕ್ಟರು, ಲ್ಯಾಬಿನ ಮೇಡಮ್ಮು, ಹಾಲಿನ ಡೈರಿಯ ಕಾರ್ಯದರ್ಶಿ, ಯಾರನ್ನೂ ಬಿಟ್ಟಿರಲಿಲ್ಲ. ಈ ಕಸುಬಿನಲ್ಲಿ ನಾನು ಬೇಗ ಕಂಡುಕೊಂಡ ಒಂದು ಸಂಗತಿ ಇದೆ: ಯಾರಿಗೂ ತಮ್ಮ ದನಿ ತಮಗೆ ಗೊತ್ತಿರುವುದಿಲ್ಲ. ನೀವು ಯಥಾವತ್ ಮಾಡಿ ತೋರಿಸಿದರೆ ಊರೆಲ್ಲ ನಗುತ್ತದೆ, ಆ ಮನುಷ್ಯ ಮಾತ್ರ “ನಾನು ಹಂಗಾ ಮಾತಾಡ್ತೀನಿ?” ಅನ್ನುತ್ತಾನೆ.

ಸಂಕ್ರಾಂತಿ ಕಳೆದ ವಾರ ಯಾರೋ ಹೇಳಿ ನನಗೆ ಲಕ್ಕೂರಿನ ಬಳಿ ಸೈಟ್ ಸೂಪರ್‌ವೈಸರ್ ಕೆಲಸ ಸಿಕ್ಕಿತು. ಬೆಂಗಳೂರಿನ ಒಬ್ಬ ಶ್ರೀಮಂತರು ವಾರಾಂತ್ಯಕ್ಕೆಂದು ಅಲ್ಲಿ ಒಂದಂತಸ್ತಿನ ಮನೆ ಕಟ್ಟಿಸುತ್ತಿದ್ದರು. ಮಾಲೂರು ಸ್ಟೇಷನ್ನಿನ ಹತ್ತಿರ ಕೋಣೆ ಹಿಡಿದೆ. ಬೆಳಿಗ್ಗೆ ಎಲ್ಲರೂ ಬೆಂಗಳೂರಿನ ರೈಲಿಗೆ ಓಡುವಾಗ ನಾನು ಅವರಿಗೆದುರಾಗಿ ನಡೆದು ಲಕ್ಕೂರಿನ ಬಸ್ಸು ಹಿಡಿಯುತ್ತಿದ್ದೆ. ದಾರಿಯುದ್ದಕ್ಕೂ ಇಟ್ಟಿಗೆ ಗೂಡುಗಳ ಹೊಗೆ. ಸೈಟು ಮುಟ್ಟುವಷ್ಟರಲ್ಲಿ ನನ್ನ ಬಿಳಿ ಅಂಗಿಯ ಕಾಲರಿಗೆ ಇಟ್ಟಿಗೆಯ ಬಣ್ಣ ಬಂದಿರುತ್ತಿತ್ತು. ಸೂಪರ್‌ವೈಸರ್ ಅಂದರೆ ಬಿಳಿ ಅಂಗಿ ಹಾಕಿಕೊಳ್ಳಬೇಕು ಎಂದು ನನಗೆ ನಾನೇ ತೀರ್ಮಾನಿಸಿಕೊಂಡಿದ್ದೆ. ನೋಡಿದವರು ಔಷಧಿ ಅಂಗಡಿಯ ಹುಡುಗ ಅಂದುಕೊಳ್ಳುತ್ತಿದ್ದರು.

ಆ ಮನೆಯ ಆರ್ಕಿಟೆಕ್ಟು ನಿಶಾಂತ್ ಸರ್. ಶನಿವಾರ ಮಾತ್ರ ಬರುತ್ತಿದ್ದರು. ಕಪ್ಪು ಲಿನನ್ ಅಂಗಿ, ದುಂಡು ಕನ್ನಡಕ. ಮಾತಿನ ಮಧ್ಯೆ ಎರಡೂ ಕೈಯ ಎರಡೆರಡು ಬೆರಳೆತ್ತಿ ಗಾಳಿಯನ್ನು ಕೆರೆಯುವರು. ಇದು ‘ಹಳ್ಳಿ’, ಕೆರೆತ. ಇದು ‘ಜಗಲಿ’, ಕೆರೆತ. ನಾನು ಕೊಡೆ ಹಿಡಿದು ಹಿಂದೆ ನಡೆಯುತ್ತ ಆ ಬೆರಳುಗಳನ್ನು ಕಲಿತೆ.

“ನೋಡು,” ಅನ್ನುತ್ತಿದ್ದರು ಅವರು, “ನೂರು ವರ್ಷ ಎಲ್ಲರೂ ಸೀರಿಯಸ್ ಆಗಿ ಕಟ್ಟಿದರು. ಕಂಬ ಅಂದ್ರೆ ಭಾರ ಹೊರಬೇಕು, ಕಿಟಕಿ ಅಂದ್ರೆ ಗಾಳಿ ಬರಬೇಕು. ಸಾಕಾಯ್ತು. ನಾವು ಹಳೇದನ್ನ ನೆನಪಿಸ್ತೀವಿ, ಆದ್ರೆ ಕಣ್ಣು ಮಿಟುಕಿಸಿ ನೆನಪಿಸ್ತೀವಿ. ಇದು ಮನೆ ಅಲ್ಲ, ಮನೆ ಬಗ್ಗೆ ಒಂದು ವ್ಯಂಗ್ಯ.”

ಅದರಂತೆ ಮನೆಯ ಮುಂದೆ ನಾಲ್ಕು ಕಂಬ; ಮೂರನೆಯದು ನೆಲ ಮುಟ್ಟದೆ ಒಂದು ಗೇಣು ಮೇಲೆ ನೇತಾಡಬೇಕು. ಜಗಲಿ ಎದೆಮಟ್ಟ ಇರಬೇಕು, ಯಾರೂ ಕೂರಬಾರದು. ಒಂದು ಗೋಡೆಯ ಮೇಲೆ ಕಿಟಕಿ ಇರಬಾರದು, ಕಿಟಕಿಯ ಚಿತ್ರ ಇರಬೇಕು. ಸಿಮೆಂಟಿಗೆ ಮಣ್ಣಿನ ಬಣ್ಣ, ಅದರ ಮೇಲೆ ಬೆರಣಿ ತಟ್ಟಿದ ಹಾಗೆ ಬೆರಳಚ್ಚು ಮೂಡಿಸಿದ ಟೈಲುಗಳು. ನನಗೆ ಇದೆಲ್ಲ ಭಾರಿ ಖುಷಿ ಕೊಟ್ಟಿತು, ಸುಳ್ಳು ಯಾಕೆ ಹೇಳಲಿ. ನಾನು ಗಂಟಲಿನಲ್ಲಿ ಮಾಡುವುದನ್ನು ಈ ಮನುಷ್ಯ ಇಟ್ಟಿಗೆಯಲ್ಲಿ ಮಾಡುತ್ತಿದ್ದಾನೆ ಅನ್ನಿಸಿತು. ಮಿಮಿಕ್ರಿಗೂ ಒಂದು ಕಾಲೇಜು ಓದು ಇದೆ ಎಂದು ಗೊತ್ತಾದದ್ದೇ ಆಗ.

ಕಟ್ಟುತ್ತಿದ್ದವರು ಪಿಳ್ಳಪ್ಪ ಮೇಸ್ತ್ರಿ. ಲಕ್ಕೂರಿನವರೇ. ಐವತ್ತೈದರ ಆಸುಪಾಸು, ತೆಳ್ಳನೆಯ ದೇಹ, ಕಿವಿಯ ಹಿಂದೆ ಯಾವಾಗಲೂ ಒಂದು ಬೀಡಿ. ಮನೆಯಲ್ಲಿ ತೆಲುಗು, ಸೈಟಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಕೈಕೆಳಗೆ ಹನ್ನೆರಡು ಜನರ ಗುಂಪು. ಇಪ್ಪತ್ತು ವರ್ಷದಿಂದ ಅವರನ್ನು ಬಿಟ್ಟು ಹೋಗದ ಜನ.

“ಏಮಪ್ಪಾ,” ಎಂದು ಮೊದಲ ಶನಿವಾರವೇ ಕೇಳಿದರು, “ನಿಮ್ ಸಾರ್ ಯಾಕೆ ಮಾತಾಡ್ವಾಗೆಲ್ಲ ಮೊಲದ್ ಕಿವಿ ಮಾಡ್ತಾರೆ?”

ನೇತಾಡುವ ಕಂಬದ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮುಖ ಅರಳಿತು. “ಓ, ದೃಷ್ಟಿಗಾ! ಅಂಗೇಳು ಮತ್ತೆ. ಮನೆ ಚೆನ್ನಾಗಾಯ್ತದೆ, ಕಣ್ಣು ಬೀಳಬಾರ್ದು ಅಂತ ಒಂದು ಕಡೆ ಕೆಡಿಸ್ತಾವ್ರೆ. ತಿಳಿದೋರು.” ಕಂಬ ಮುಗಿದ ದಿನ ಅದರ ಬುಡಕ್ಕೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿದರು. ನಿಶಾಂತ್ ಸರ್ ಅದನ್ನು ಏಳು ದಿಕ್ಕಿನಿಂದ ಫೋಟೋ ತೆಗೆದು, “ಅದ್ಭುತ! ಇದನ್ನ ಬರೆದು ಮಾಡಿಸೋಕಾಗಲ್ಲ!” ಎಂದು ನನ್ನ ಭುಜ ಹಿಸುಕಿದರು. ಪಿಳ್ಳಪ್ಪನವರು ಹೊಗಳಿಕೆ ತಮಗೆಂದು ಭಾವಿಸಿ ತಲೆಯ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಇನ್ನು ರಾಡುಗಳು. ನಮ್ಮ ಕಡೆ ಮನೆ ಮುಗಿಯುವುದಿಲ್ಲ. ಮುಳಬಾಗಿಲಿನಿಂದ ಮಾಲೂರಿನವರೆಗೆ ಬಸ್ಸಿನ ಕಿಟಕಿಯಲ್ಲಿ ಕೂತು ನೋಡಿ, ತಾರಸಿಗಳ ಮೇಲೆ ರಾಡುಗಳ ಪೈರೇ ನಿಂತಿರುತ್ತದೆ. ಮೋಲ್ಡ್ ಹಾಕುವ ದಿನ, ಅಂದರೆ ತಾರಸಿಯ ಕಾಂಕ್ರೀಟು ಸುರಿಯುವ ದಿನ, ಕಂಬದೊಳಗಿನ ಕಬ್ಬಿಣವನ್ನು ಕತ್ತರಿಸದೆ ಮೇಲಕ್ಕೆ ಬಿಡುತ್ತಾರೆ. ಮುಂದೊಂದು ದಿನ ಕೈಯಲ್ಲಿ ದುಡ್ಡು ಕೂಡಿದಾಗ ಅಲ್ಲಿಂದಲೇ ಮೇಲಿನ ಅಂತಸ್ತು ಎಬ್ಬಿಸಬಹುದು. ಮಳೆಗೆ ತುಕ್ಕು ಹಿಡಿಯದಿರಲೆಂದು ಸಿಮೆಂಟಿನ ಹಾಲು ಬಳಿದು, ತುದಿಗೆ ಖಾಲಿ ಬಾಟಲಿ ಬೋರಲು ಹಾಕುತ್ತಾರೆ. ರಾಡು ಕತ್ತರಿಸಿದರೆ ಆ ಮನೆಯ ಬೆಳವಣಿಗೆ ಅಲ್ಲಿಗೆ ನಿಂತಿತು ಎಂದು ಎಲ್ಲರ ನಂಬಿಕೆ. ನನ್ನ ಅಪ್ಪನೂ ನಂಬುತ್ತಾರೆ, ಅದಕ್ಕೆ ಯಾವ ಶಾಸ್ತ್ರದಲ್ಲೂ ಆಧಾರ ಇಲ್ಲದಿದ್ದರೂ.

ಪಿಳ್ಳಪ್ಪನವರ ಮನೆ ಲಕ್ಕೂರಿಗೆ ಹೋಗುವ ರಸ್ತೆಯ ಪಕ್ಕದಲ್ಲೇ. ಅದರ ಮೇಲೆ ಹನ್ನೊಂದು ವರ್ಷದಿಂದ ಹದಿನಾರು ರಾಡುಗಳು ನಿಂತಿದ್ದವು. ಮಗಳೂ ಅಳಿಯನೂ ಮಾಲೂರಿನ ಕಾರ್ಖಾನೆಯ ಹಿಂದೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಮೇಲೊಂದು ಮನೆ ಎಬ್ಬಿಸಿ ಅವರನ್ನು ಕರೆಸಿಕೊಳ್ಳಬೇಕು, ಅದೊಂದೇ ಅವರ ಲೆಕ್ಕಾಚಾರ. ಊರಿಗೆಲ್ಲ ಅಂತಸ್ತು ಏರಿಸಿದ ಮೇಸ್ತ್ರಿಗೆ ತನ್ನದಕ್ಕೆ ಪುರುಸೊತ್ತಾಗಿರಲಿಲ್ಲ. ಅಷ್ಟರೊಳಗೆ ಅವರ ಹೆಂಡತಿ ನಾರಾಯಣಮ್ಮ ಆ ರಾಡುಗಳಿಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರು, ಕೆಳಗೆ ಸಂಡಿಗೆ ಹರವುತ್ತಿದ್ದರು.

ನಿಶಾಂತ್ ಸರ್ ಆ ಮನೆಯ ಮುಂದೆ ಕಾರು ನಿಲ್ಲಿಸಿದ್ದು ಮೂರನೇ ಶನಿವಾರ. ನಾನು ಕೊಡೆ ಬಿಚ್ಚಿದೆ. ಅವರು ಬಹಳ ಹೊತ್ತು ತಾರಸಿ ನೋಡಿದರು, ಫೋಟೋ ತೆಗೆದರು. “ಎಷ್ಟು ಚೆಂದ,” ಅಂದರು. “ಬರದೇ ಇರೋ ನಾಳೆಗೆ ಸ್ಮಾರಕ. ಇಡೀ ಜಿಲ್ಲೆ ಹೀಗಿದೆ, ಅಲ್ವಾ?” ಮುಂದಿನ ವಾರ ಮನೆಯ ರಟ್ಟಿನ ಮಾದರಿ ಬಂತು. ಅದರ ತಾರಸಿಯ ಮೇಲೆ ಹದಿನಾರು ಬಂಗಾರದ ಗುಂಡುಸೂಜಿಗಳು. ನಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ರಾಡುಗಳು ಅಲಂಕಾರಕ್ಕೆ ಮಾತ್ರ, ಮನೆ ಮುಗಿದ ಮೇಲೆ ತಿರುಪಿ ಕೂರಿಸುವುದು, ಭಾರ ಹೊರಿಸತಕ್ಕದ್ದಲ್ಲ.

ಪಿಳ್ಳಪ್ಪನವರಿಗೆ ಇಂಗ್ಲಿಷು ಬಾರದು. ನಕ್ಷೆ ಓದಿ ಹೇಳುವುದು ನನ್ನ ಕೆಲಸ. ಅವರು ಮಾದರಿಯ ಮೇಲೆ ಬಗ್ಗಿ ಕೇಳಿದರು:

“ಇವೇನಪ್ಪಾ, ಸೂಜಿ?”

“ರಾಡು ಮೇಸ್ತ್ರಿ.”

“ರಾಡು ಬಿಡ್ತಾರಾ! ಅಂಗಂದ್ರೆ ಮೇಲೆ ಕಟ್ತಾರೆ.” ಅವರ ಹುಬ್ಬು ಮೇಲೇರಿತು. “ಮೊದ್ಲೇ ಹೇಳ್ಬಾರ್ದಾ? ಈ ಪಾಯ ಸಾಲಲ್ಲ.”

ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮೊದಲಿಗೆ ಅದು ಸುಳ್ಳೂ ಆಗಿರಲಿಲ್ಲ, ಬರೀ ತಮಾಷೆ. ಸಂಜೆ ಕೋಣೆಯಲ್ಲಿ ಗೆಳೆಯರಿಗೆ ಮಾಡಿ ತೋರಿಸಲು ಎಂಥ ಸರಕು! ಮೇಸ್ತ್ರಿ ತಮ್ಮ ಜನರನ್ನು ಕರೆದು ಪಾಯವನ್ನು ಇನ್ನೂ ಒಂದೂವರೆ ಅಡಿ ಆಳಕ್ಕೆ ಇಳಿಸಿದರು. ಆ ಕೆಲಸಕ್ಕೆ ಅವರು ಹೆಚ್ಚಿನ ದುಡ್ಡೇನೂ ಕೇಳಲಿಲ್ಲ. “ನಾಳೆ ಮೇಲೆ ಕಟ್ವಾಗ ಬಿರುಕು ಬಿಟ್ರೆ ನನ್ ಹೆಸ್ರು ಹೋಗೋದು,” ಅಂದರು, ಅಷ್ಟೇ. ಮೊಣಕೈಯುದ್ದ ಕಬ್ಬಿಣ ಮಡಿಚಿ, ರಾಡಿಗೆ ರಾಡು ಕೂಡುವಲ್ಲಿ ಒಂದರ ಮೇಲೊಂದು ಎಷ್ಟು ಬರಬೇಕೋ ಅಷ್ಟು ಬರಿಸಿ, ಪ್ರತಿ ಕಟ್ಟನ್ನೂ ತಾವೇ ಎಳೆದು ನೋಡಿದರು. ಒಂದು ನಗೆಹನಿಗೆ ಎರಡಂತಸ್ತು ಹೊರುವ ಬುನಾದಿ ಬಿತ್ತು. ಶನಿವಾರ ಬಂದ ನಿಶಾಂತ್ ಸರ್ ಮಣ್ಣು ಮುಚ್ಚಿದ ನೆಲ ನೋಡಿ ಹೋದರು. ನೆಲದಡಿ ಏನಿದೆ ಎಂದು ಅವರು ಕೇಳುವವರಲ್ಲ. ಅವರಿಗೆ ಬೇಕಾದದ್ದು ಮುಖ.

ಯುಗಾದಿ ಹೊತ್ತಿಗೆ ಬಿಸಿಲು ಏರಿತು. ಮಧ್ಯಾಹ್ನ ಕಬ್ಬಿಣ ಮುಟ್ಟಿದರೆ ಅಂಗೈ ಚುರುಗುಟ್ಟುತ್ತಿತ್ತು. ಎಲ್ಲರೂ ಹೊಂಗೆ ಮರದಡಿ ಮುದ್ದೆ ಮುರಿಯುವಾಗ ನಾನು ನಿಶಾಂತ್ ಸರ್ ಆಗಿ ಮೊಲದ ಕಿವಿ ಎತ್ತಿ, “ಈ ‘ಮುದ್ದೆ’ ಮುದ್ದೆಯಲ್ಲ, ಮುದ್ದೆಯ ಬಗ್ಗೆ ಒಂದು ಪ್ರಶ್ನೆ,” ಅನ್ನುತ್ತಿದ್ದೆ. ಪಿಳ್ಳಪ್ಪನವರು ನಗುತ್ತ ಕೆಮ್ಮುತ್ತ, “ಸಾಕು ಬಿಡ್ಲಾ, ಗಂಟ್ಲಲ್ಲಿ ಸಿಗಾಕ್ಕಂತು!” ಎಂದು ನೀರಿಗೆ ಕೈಚಾಚುವರು. ಅವರಿಗೆ ಗೊತ್ತಿರದಿದ್ದದ್ದು, ಶನಿವಾರ ಕಾರಿನೊಳಗೆ ಎ.ಸಿ. ತಣ್ಣಗೆ ಬೀಸುವಾಗ ನಾನು ಪಿಳ್ಳಪ್ಪ ಆಗುತ್ತಿದ್ದೆ. “ಓ, ದೃಷ್ಟಿಗಾ ಸಾರ್!” ನಿಶಾಂತ್ ಸರ್ ಸ್ಟಿಯರಿಂಗಿಗೆ ಹಣೆ ಹಚ್ಚಿ ನಗುವರು. ಒಂದು ಕಡೆಯ ಸರಕು ಇನ್ನೊಂದು ಕಡೆ ಮಾರಿ ಎರಡೂ ಕಡೆ ಬೇಕಾದವನಾಗಿದ್ದೆ.

ಒಂದು ಶನಿವಾರ ಅವರು ನಗು ನಿಲ್ಲಿಸಿ, “ನಿನ್ನ ಕಣ್ಣು ಚೆನ್ನಾಗಿದೆ ಕಣೋ,” ಅಂದರು. “ಮಳೆಗೆ ಮುಂಚೆ ಇದನ್ನ ಮುಗಿಸಿಕೊಡು. ಆಮೇಲೆ ನೀನು ಬೆಂಗಳೂರಿನ ನನ್ನ ಆಫೀಸಲ್ಲಿ.”

ಎರಡು ವಿಷಯ ಉಳಿಸಿಕೊಂಡವನಿಗೆ ಬೆಂಗಳೂರಿನ ಆರ್ಕಿಟೆಕ್ಟ್ ಆಫೀಸು! ಆ ವಾರವೆಲ್ಲ ನನ್ನ ಬಿಳಿ ಅಂಗಿಯನ್ನು ನಾನೇ ಇಸ್ತ್ರಿ ಮಾಡಿಕೊಂಡೆ.

ಅದೇ ವಾರ ಹೊಂಗೆ ಮರದಡಿ ಪಿಳ್ಳಪ್ಪನವರು ನನ್ನನ್ನು ಒಂಟಿಯಾಗಿ ಕರೆದರು.

“ಮುಳಬಾಗ್ಲಲ್ಲಿ ಕಲ್ಯಾಣ ಮಂಟಪದ್ ಕೆಲ್ಸ ಐತೆ ಕಣಪ್ಪಾ. ಎರಡು ವರ್ಷಕ್ಕೆ ಅಡ್ಡಿಯಿಲ್ಲ. ಈಗ್ಲೇ ಗುಂಪು ಕಟ್ಕೊಂಡ್ ಬಾ ಅಂತಾವ್ರೆ, ನಾಳಿದ್ದು ಹೇಳ್ಬೇಕು. ಆದ್ರೆ ಇಲ್ಲಿ ಮೇಲ್ಗಡೆ ಕೆಲ್ಸ ಸಿಕ್ಕಿದ್ರೆ ನಾನ್ಯಾಕೆ ಅಷ್ಟು ದೂರ ಹೋಗ್ಲಿ? ಮನೆ ಮುಂದ್ಲ ಕೆಲ್ಸ. ಇದ್ರ ಜೊತೆಗೇ ನಂದೂ ಎಬ್ಬಿಸ್ಕೋತೀನಿ, ಮಗ್ಳು ಬಂದ್ಬಿಡ್ತಾಳೆ.” ಬೀಡಿ ಕಿವಿಯಿಂದ ತೆಗೆದು ಮತ್ತೆ ಅಲ್ಲಿಗೇ ಇಟ್ಟರು. “ನೀನು ಓದ್ದೋನು, ಸಾರ್ ಜೊತೆ ಓಡಾಡೋನು. ಹೇಳಪ್ಪಾ, ಮೇಲೆ ಕಟ್ತಾರಾ?”

ಇಲ್ಲ ಮೇಸ್ತ್ರಿ, ಅದು ತಮಾಷೆ. ಇಷ್ಟು ಹೇಳಿದ್ದರೆ ಅವರು ಮಾರನೇ ದಿನ ಮುಳಬಾಗಿಲಿಗೆ ಹೋಗುತ್ತಿದ್ದರು. ಕೆಲಸ ನಿಲ್ಲುತ್ತಿತ್ತು. ಮಳೆಗೆ ಮುಂಚೆ ಮನೆ ಮುಗಿಯುತ್ತಿರಲಿಲ್ಲ. ನನ್ನ ಬೆಂಗಳೂರು ಅಲ್ಲಿಗೆ ಮುಗಿಯುತ್ತಿತ್ತು. ಇದೆಲ್ಲ ನನಗೆ ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಹೊಳೆಯಿತು. ಓದಿನಲ್ಲಿ ಇಷ್ಟು ಚುರುಕಿದ್ದಿದ್ದರೆ ಆ ಎರಡು ವಿಷಯ ಉಳಿಯುತ್ತಿರಲಿಲ್ಲ. ಅವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ:

“ಬರುತ್ತೆ ಮೇಸ್ತ್ರಿ. ಡ್ರಾಯಿಂಗ್ ಬರುತ್ತೆ.”

ಅವರು ಮುಳಬಾಗಿಲಿಗೆ ಬೇಡವೆಂದು ಹೇಳಿ ಕಳಿಸಿದರು. ಗುಂಪಿನ ಹನ್ನೆರಡು ಜನರನ್ನೂ ಕೂರಿಸಿಕೊಂಡು, “ಎಲ್ಲೂ ಹೋಗ್ಬೇಡ್ರಿ, ಮೇಲಿಂದು ನಮ್ದೇ,” ಅಂದರು. ಮೇಸ್ತ್ರಿಯ ಮಾತಿನ ಮೇಲೆ ಗುಂಪು ನಿಂತಿತು. ಮೇಸ್ತ್ರಿ ನನ್ನ ಮಾತಿನ ಮೇಲೆ.

ಮೋಲ್ಡ್ ಹಾಕಿದ ದಿನ ತೆಂಗಿನಕಾಯಿ ಒಡೆದು, ಎಲ್ಲರಿಗೂ ಪಾಯಸ ಹಂಚಿದರು. ತಿರುಪಿ ಕೂರಿಸುವ ಬೊಂಬೆ ರಾಡುಗಳ ಜಾಗದಲ್ಲಿ ಗೋಡೆಯೊಳಗಿನ ಕಂಬಗಳಲ್ಲಿ ಪಾಯದಿಂದಲೇ ಎದ್ದು ಬಂದ ನಿಜವಾದ ರಾಡುಗಳು ತಾರಸಿಯಿಂದ ಮೇಲೆ ನಿಂತವು. ನಿಶಾಂತ್ ಸರ್ ಕೈಯಲ್ಲಿ ಒಂದನ್ನು ಅಲುಗಿಸಿ ನೋಡಿ, “ಗಟ್ಟಿಯಾಗಿ ಫಿಕ್ಸ್ ಮಾಡಿದಾನೆ,” ಅಂದರು. ಆಮೇಲೆ ಬಂಗಾರದ ಬಣ್ಣದ ಡಬ್ಬಗಳು ಬಂದವು. ತಾರಸಿಯೆಲ್ಲ ತಿನ್ನರ್ ವಾಸನೆ.

“ಇದ್ಯಾಕಪ್ಪಾ ಬಂಗಾರ?”

“ತುಕ್ಕು ಹಿಡಿಯಲ್ಲ ಮೇಸ್ತ್ರಿ.” ಒಂದು ಸಲ ಶುರುವಾದ ಮೇಲೆ ಸುಲಭ.

“ಹೌದಾ? ಉಳಿದ್ರೆ ಒಂದೀಟು ಕೊಡು. ನಮ್ಮನೇವು ಪಾಪ, ಹನ್ನೊಂದು ವರ್ಷದಿಂದ ನೆನೀತವೆ.” ಉಳಿದ ಅರ್ಧ ಡಬ್ಬ ತೆಗೆದುಕೊಂಡು ಹೋಗಿ ತಮ್ಮ ಹದಿನಾರು ರಾಡುಗಳಿಗೂ ಬಳಿದರು.

ಜೂನಿನ ಮೊದಲ ಮಳೆ ಬಿದ್ದ ಮಾರನೇ ದಿನ, ಭಾನುವಾರ ಬೆಳಿಗ್ಗೆ, ಮನೆ ನೋಡುವ ಕಾರ್ಯಕ್ರಮ. ಬೆಂಗಳೂರಿನಿಂದ ಇಪ್ಪತ್ತು ಕಾರು ಬಂದವು. ಅರ್ಧ ಕಾರುಗಳು ದಾರಿಯಲ್ಲಿ ಪಿಳ್ಳಪ್ಪನವರ ಮನೆ ಮುಂದೆಯೇ ನಿಂತವಂತೆ. ಬಂಗಾರದ ರಾಡು ಕಂಡು ಇದೇ ಆ ಮನೆ ಅಂದುಕೊಂಡು ಇಳಿದು ಫೋಟೋ ತೆಗೆಸಿಕೊಂಡರಂತೆ. ನಾರಾಯಣಮ್ಮ ಎಲ್ಲರಿಗೂ ನೀರು ಕೊಟ್ಟರಂತೆ. ಸೈಟಿನಲ್ಲಿ ಈ ಸುದ್ದಿಗೆ ದೊಡ್ಡ ನಗು. ಒಳಗೆ ಗೋಡೆಯ ಮೇಲೆ ಆಳೆತ್ತರದ ಒಂದು ಫೋಟೋ ತೂಗಿತ್ತು: ಹಳೆಯ ತುಕ್ಕಿನ ರಾಡುಗಳ ನಡುವೆ ಸಂಡಿಗೆ ಹರವುತ್ತಿರುವ ನಾರಾಯಣಮ್ಮ, ಹಗ್ಗದ ಮೇಲೆ ಅವರ ಲಂಗ. ಕೆಳಗೆ ಚೀಟಿ: ‘ನಾಳೆ’.

ಪಿಳ್ಳಪ್ಪನವರು ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಂದಿದ್ದರು. ಫೋಟೋ ಕಂಡು ನನ್ನ ತೋಳು ಹಿಡಿದುಕೊಂಡರು. “ಲೇ, ನಮ್ಮನೆ ಅಲ್ವೇನ್ಲಾ! ಅಬ್ಬಾ, ಎಷ್ಟು ದೊಡ್ಡದಾಗಿ ಹಾಕವ್ರೆ!” ಹೆಂಡತಿಗೆ ತೋರಿಸಲು ಫೋನಿನಲ್ಲಿ ಫೋಟೋದ ಫೋಟೋ ತೆಗೆದುಕೊಂಡು, ಕೈಕಾಲು ತೊಳೆಯಲು ಹಿಂದಿನ ನಲ್ಲಿಗೆ ಹೋದರು.

ಆಗ ನಿಶಾಂತ್ ಸರ್ ಲೋಟ ಬಡಿದು ಎಲ್ಲರನ್ನೂ ಮುಂದೆ ಸೇರಿಸಿದರು. ಜಗಲಿಯ ಬಗ್ಗೆ, ಕಂಬದ ಬಗ್ಗೆ, ರಾಡುಗಳ ಬಗ್ಗೆ ಮಾತಾಡಿದರು. “ಇನ್ನು ನಮ್ಮ ಮೇಸ್ತ್ರಿ. ಅವರಿಲ್ಲದೆ ಈ ಮನೆ ಪೂರ್ತಿಯಾಗಲ್ಲ. ಮಾಡೋ, ಮಾಡಿ ತೋರಿಸು!”

ಎಲ್ಲರ ಮುಖ ನನ್ನ ಕಡೆ. ಈ ಜಗತ್ತಿನಲ್ಲಿ ನನಗೆ ಇದಕ್ಕಿಂತ ಸಿಹಿಯಾದದ್ದು ಇನ್ನೊಂದಿರಲಿಲ್ಲ. ಕಿವಿಯ ಹಿಂದೆ ಪೆನ್ನು ಸಿಕ್ಕಿಸಿಕೊಂಡೆ, ಬೀಡಿಯಂತೆ. ಬೆನ್ನು ಬಗ್ಗಿಸಿದೆ. “ಓ, ದೃಷ್ಟಿಗಾ ಸಾರ್!” ನಗು. “ಪಾಯ ಸಾಲಲ್ಲ ಸಾರ್!” ನಗು. ಆಮೇಲೆ ತಾರಸಿಯ ಕಡೆ ಕತ್ತೆತ್ತಿ, ಬಾಯಿ ಅರ್ಧ ತೆರೆದು, ಕೊನೆಯಲ್ಲಿ ರಾಗ ಎಳೆದು: “ಸಾರ್, ಮೇಲೆ ಯಾವಾಗ ಸಾ...ರ್?”

ಜನ ಬಿದ್ದು ಬಿದ್ದು ನಕ್ಕರು. ಅವರು ನನ್ನ ಹಿಂದೆ ನೋಡಿ ಇನ್ನೂ ಜೋರಾಗಿ ನಕ್ಕಾಗ ತಿರುಗಿದೆ. ಪಿಳ್ಳಪ್ಪನವರು ಒದ್ದೆ ಕೈ ಟವಲಿಗೆ ಒರೆಸಿಕೊಳ್ಳುತ್ತ ನಿಂತಿದ್ದರು. ನನ್ನನ್ನು ನೋಡಲಿಲ್ಲ. ನೇರ ಆ ಮನೆಯ ಮಾಲೀಕರನ್ನೇ ಕೇಳಿದರು.

“ಅಂಗಾದ್ರೆ ಮೇಲೆ ಕಟ್ಟಲ್ವಾ ಸಾರ್?”

ಚಪ್ಪಾಳೆ ಬಿತ್ತು. ನಾವಿಬ್ಬರೂ ಸೇರಿ ಅಭ್ಯಾಸ ಮಾಡಿಕೊಂಡು ಬಂದ ಜೋಡಿ ಎಂದುಕೊಂಡಿದ್ದರು ಜನ. ಮಾಲೀಕರು, ಒಳ್ಳೆಯ ಮನುಷ್ಯ, ಕಣ್ಣೊರೆಸಿಕೊಳ್ಳುತ್ತ, “ಮೇಲೇನು ಮೇಸ್ತ್ರಿ, ಆಕಾಶ ಇದೆಯಲ್ಲ!” ಅಂದರು. ಇನ್ನೊಂದು ಚಪ್ಪಾಳೆ. ಪಿಳ್ಳಪ್ಪನವರು ಟವಲು ಹೆಗಲಿಗೆ ಹಾಕಿಕೊಂಡು, ಎಲ್ಲರಿಗೂ ಒಂದು ಸಲ ಕೈಮುಗಿದು, ನೇತಾಡುವ ಕಂಬದ ಪಕ್ಕದಿಂದ ಇಳಿದು ಹೋದರು. ಊಟಕ್ಕೆ ನಿಲ್ಲಲಿಲ್ಲ.

ವ್ಯಂಗ್ಯಕ್ಕೆ ಮೂರು ಜನ ಬೇಕು: ಹೇಳುವವನೊಬ್ಬ, ತಿಳಿದು ನಗುವವನೊಬ್ಬ, ತಿಳಿಯದವನೊಬ್ಬ. ಮೂರನೆಯವನಿಲ್ಲದಿದ್ದರೆ ಮೊದಲಿಬ್ಬರಿಗೆ ರುಚಿಯಿಲ್ಲ. ಇದನ್ನು ಯಾವ ಕ್ಲಾಸಿನಲ್ಲೂ ಹೇಳಿಕೊಡಲಿಲ್ಲ. ನಾನು ಆ ಅಂಗಳದಲ್ಲಿ, ಕಿವಿಯ ಹಿಂದೆ ಪೆನ್ನು ಸಿಕ್ಕಿಸಿಕೊಂಡು ನಿಂತಾಗ ತಿಳಿಯಿತು. ಮುಗಿಯದ ಮನೆ ಚೆಂದ ಕಾಣುವುದು ಬೇರೆಲ್ಲೋ ಒಂದು ಮುಗಿದ ಮನೆ ಇರುವವರಿಗೆ. ನಿಶಾಂತ್ ಸರ್ ಕನಿಷ್ಠ ಪಕ್ಷ ತಾವು ನಂಬಿದ್ದನ್ನು ಕಟ್ಟಿದರು. ನಾನು? ಇಬ್ಬರಿಗೂ ಮಧ್ಯೆ ನಿಂತು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಬೇಕೆಂತಲೇ ತಪ್ಪಾಗಿ ಓದಿದವನು.

ನನ್ನ ಬೆಂಗಳೂರಿನ ಕತೆ ಹೇಳಿದರೆ ನೀವು ನಗಬಹುದು, ನಗಿ. ನಿಶಾಂತ್ ಸರ್ ಆಫೀಸಿನಲ್ಲಿ ನಾನು ಇದ್ದದ್ದು ನಾಲ್ಕು ತಿಂಗಳು. ಮೀಟಿಂಗುಗಳ ಕೊನೆಯಲ್ಲಿ “ಮೇಸ್ತ್ರಿ ಮಾಡೋ” ಅನ್ನುತ್ತಿದ್ದರು, ಮಾಡುತ್ತಿದ್ದೆ. ನಕ್ಷೆ ಬರೆಯಲು ಯಾರೂ ಕೊಡಲಿಲ್ಲ. ನಾಲ್ಕನೇ ತಿಂಗಳಿಗೆ ನಗು ತೀರಿತು, ನಾನೂ ಕೋಲಾರಕ್ಕೆ ಬಂದೆ.

ಈಗ ಮಂಡಿಯವರ ಡಬ್ಬ. ಅವರಿಗೆ ಆ ರಾಡುಗಳು ತಮಾಷೆ ಎಂದು ಗೊತ್ತಿಲ್ಲ. ಶ್ರೀಮಂತರ ಮನೆಯ ಮೇಲಿದೆ, ಆದ್ದರಿಂದ ಅದು ಶ್ರೀಮಂತಿಕೆ. ನಮ್ಮದೇ ತಾರಸಿಯ ತುಕ್ಕು ಬೆಂಗಳೂರಿಗೆ ಹೋಗಿ ಬಂಗಾರವಾಗಿ ವಾಪಸು ಬಂದಿದೆ. ಅಳತೆ ತೆಗೆಯಲು ಲಕ್ಕೂರಿಗೆ ಹೋದೆ. ವಾರಾಂತ್ಯದ ಮನೆಗೆ ಬೀಗ; ಹೊರಗಿನ ಮೆಟ್ಟಿಲಿನಿಂದ ತಾರಸಿ ಹತ್ತಿದೆ. ರಾಡುಗಳಲ್ಲಿ ಬಣ್ಣ ಸುಲಿದಿದೆ, ಆದರೆ ಒಂದೂ ಅಲುಗುವುದಿಲ್ಲ. ಇನ್ನೊಂದು ಅಂತಸ್ತು ಹೊರಲು ಈಗಲೂ ಸಿದ್ಧವಾಗಿ ನಿಂತಿವೆ.

ಅಲ್ಲಿಂದ ಪಿಳ್ಳಪ್ಪನವರ ಮನೆಗೆ. ದೂರದಿಂದಲೇ ಏನೋ ಕಡಿಮೆ ಅನ್ನಿಸಿತು. ಹತ್ತಿರ ಬಂದಾಗ ತಿಳಿಯಿತು: ತಾರಸಿ ಬೋಳು. ನಾರಾಯಣಮ್ಮ ಮೇಲಿದ್ದರು, ಸಂಡಿಗೆ ಎತ್ತಿಕೊಳ್ಳುತ್ತಿದ್ದರು. “ಬಾಪ್ಪಾ, ಮೇಲೇ ಬಾ, ಆಯಪ್ಪನೂ ಇಲ್ಲೇ ಅವ್ರೆ.” ಹತ್ತಿದೆ. ನೆಲದಲ್ಲಿ ನಾಲ್ಕು ಕಡೆ ನಾಲ್ಕು ನಾಲ್ಕು ಚುಕ್ಕೆ, ಕಬ್ಬಿಣ ಕತ್ತರಿಸಿದ ಗುರುತು. ಒಂದೆರಡರ ಅಂಚಿನಲ್ಲಿ ಇನ್ನೂ ಬಂಗಾರ.

“ಯಾವಾಗ ಕತ್ತರಿಸಿದ್ರಿ ಮೇಸ್ತ್ರಿ?”

“ಆವತ್ತೇ ಸಾಯಂಕಾಲ,” ಅಂದರು ನಾರಾಯಣಮ್ಮ. “ಬೇಡ ಬೇಡ ಅಂದ್ರೂ ಕೇಳ್ಲಿಲ್ಲ. ದಾರೀಲಿ ಹೋಗೋರೆಲ್ಲ ನಿಂತು ಫೋಟೋ ತೆಗೀತಾವ್ರೆ, ಸಾಕು ಅಂದ್ರು. ಮಗ್ಳು ಆ ಮಾಲೂರ್ ಕೋಣೇಲೇ ಅವ್ಳೆ.”

ಗುಂಪಿನವರು ಆ ಮಳೆಗಾಲದಲ್ಲೇ ಚದುರಿದರಂತೆ. ಕೆಲವರು ಮುಳಬಾಗಿಲಿನ ಅದೇ ಮಂಟಪಕ್ಕೆ, ಬೇರೆ ಮೇಸ್ತ್ರಿಯ ಕೈಕೆಳಗೆ. ಪಿಳ್ಳಪ್ಪನವರು ಈಗ ಕೊಟ್ಟಿಗೆಗಳ ನೆಲಕ್ಕೆ ಗಾರೆ ಹಾಕುತ್ತಾರೆ, ಒಬ್ಬರೇ. ಅದನ್ನವರು ದೂರಿನಂತೆ ಹೇಳಲಿಲ್ಲ. ನನಗೆ ಟೀ ತರಿಸಿದರು.

ಬಂದ ಕಾರಣ ಹೇಳಿದೆ. ಶ್ರೀನಿವಾಸಪುರ, ಮಂಡಿಯವರು, ದೊಡ್ಡ ಮನೆ, ರಾಡಿನ ಕೆಲಸ ನಿಮ್ಮ ಕೈಯಲ್ಲೇ ಆಗಬೇಕು. ಇದು ಉಪಕಾರ ಎಂದೇ ನಾನು ಗಾಡಿ ಓಡಿಸಿಕೊಂಡು ಬಂದಿದ್ದೆ.

ಪಿಳ್ಳಪ್ಪನವರು ಕೇಳಿದರು. “ಮೇಲೆ ಕಟ್ತಾರಾ?”

ಆವತ್ತು ಅಂಗಳದಲ್ಲಿ ನಾನು ಅಣಕಿಸಿದ್ದೂ ಈ ಪ್ರಶ್ನೆಯನ್ನೇ. ಅವರ ಬಾಯಲ್ಲಿ ಅದಕ್ಕೆ ರಾಗ ಇರಲಿಲ್ಲ. ಬಾಯಿ ಅರ್ಧ ತೆರೆದಿರಲಿಲ್ಲ. ಕೆಲಸ ತಿಳಿದವನೊಬ್ಬ ಕೆಲಸದ ಬಗ್ಗೆ ಕೇಳುವ ಪ್ರಶ್ನೆ, ಅಷ್ಟೇ.

ನನ್ನ ಉತ್ತರಕ್ಕೆ ಕಾಯದೆ ಅವರು ಕಿವಿಯ ಹಿಂದಿನ ಬೀಡಿ ತೆಗೆದರು. ಅದನ್ನು ಪೆನ್ನಿನಂತೆ ಹಿಡಿದು ಕೆನ್ನೆಗೆ ಒತ್ತಿಕೊಂಡರು. ತಲೆ ಸ್ವಲ್ಪ ಎಡಕ್ಕೆ ವಾಲಿತು. ತುಟಿಯ ಒಂದು ಬದಿ ಮಾತ್ರ ನಕ್ಕಿತು. ತೆಳ್ಳಗಿನ, ಓದಿದವರ, ಮುಳಬಾಗಿಲಿನ ದನಿ ಬಂತು:

“ಬರುತ್ತೆ ಮೇಸ್ತ್ರಿ. ಡ್ರಾಯಿಂಗ್ ಬರುತ್ತೆ.”

ನಾರಾಯಣಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. “ಅಯ್ಯೋ ದೇವುಡಾ, ಥೇಟ್ ನೀನೇ ಕಣಪ್ಪಾ!”

ನಾನು ಹಂಗಾ ಮಾತಾಡ್ತೀನಿ, ಎಂದು ಕೇಳಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಅಂದು ಅವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದೆ ಎಂದುಕೊಂಡಿದ್ದೆ. ಪಿಳ್ಳಪ್ಪನವರು ನನ್ನನ್ನು ಮಾಡುವಾಗ ಉದ್ದಕ್ಕೂ ತಮ್ಮ ಚಪ್ಪಲಿ ನೋಡುತ್ತಿದ್ದರು.